ಮಂಡಿನೋವಿನ ತಾಯಿ, ಹತ್ತು ವರ್ಷದ ಮಗಳು, ಎರಡು ದಿನದ ರಜೆ: ಯಾವ ಜಲಪಾತಗಳಿಗೆ ಹೋಗಬಹುದು?

ಕೋಡಿಬಾಗದ ಓದುಗ, ಕಾರವಾರ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ನಡುವಿನಲ್ಲಿ, ದಸರಾ ರಜೆ ಮುಗಿಯುವ ಮೊದಲು, ತಾಯಿ, ಹೆಂಡತಿ ಮತ್ತು ಹತ್ತು ವರ್ಷದ ಮಗಳನ್ನು ಕರೆದುಕೊಂಡು ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಎರಡು ಮೂರು ಜಲಪಾತಗಳನ್ನು ನೋಡಿಬರಬೇಕೆಂದಿದ್ದೇನೆ. ಹುಟ್ಟಿದಾಗಿನಿಂದ ಕಾರವಾರದಲ್ಲೇ ಇದ್ದರೂ ನನಗೆ ಗೊತ್ತಿರುವುದು ಕಡಲು ಮಾತ್ರ. ಘಟ್ಟ ಹತ್ತಿದ್ದೆಲ್ಲ ಮಾರಿಕಾಂಬೆಯ ದರ್ಶನಕ್ಕೆ, ನೆಂಟರ ಮದುವೆಗಳಿಗೆ, ಹುಬ್ಬಳ್ಳಿಯ ಆಸ್ಪತ್ರೆಗೆ. ಕಾಡಿನೊಳಗೆ ಕಾಲಿಟ್ಟದ್ದು ಬಹಳ ಕಡಿಮೆ.

ತಾಯಿಗೆ ಅರವತ್ತಾರು ವರ್ಷ. ಸಮತಟ್ಟಾದ ದಾರಿಯಲ್ಲಿ ಎರಡು ಕಿಲೋಮೀಟರು ನಿಧಾನವಾಗಿ ನಡೆಯುತ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತದೆ. ಮಗಳಿಗೆ ನೀರಿಗೆ ಇಳಿಯಲೇಬೇಕೆಂಬ ಹಟ. ಮೊಬೈಲಿನಲ್ಲಿ ಹುಡುಕಿದರೆ ಪ್ರತಿಯೊಂದು ಜಲಪಾತದ ಮುಂದೆಯೂ ‘ಒಂದು ಕಿಲೋಮೀಟರು, ಸುಲಭದ ನಡಿಗೆ’ ಎಂದೇ ಬರೆದಿರುತ್ತಾರೆ. ಬರೆದವರೆಲ್ಲರೂ ಇಪ್ಪತ್ತೈದರ ಹುಡುಗರಿರಬೇಕು ಎನ್ನಿಸುತ್ತದೆ. ಒಂದು ರಾತ್ರಿ ಶಿರಸಿಯಲ್ಲಿ ಉಳಿಯುವ ಯೋಚನೆಯಿದೆ, ಸ್ವಂತ ಕಾರು ಇದೆ. ಯಾವುದನ್ನು ಆಯ್ದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಆ ಹೊತ್ತಿಗೆ ನೀರು ಇರುತ್ತದೆಯೇ ಎಂಬುದನ್ನು ಹೋಗಿಬಂದವರು ತಿಳಿಸಬೇಕಾಗಿ ವಿನಂತಿ. ನಮ್ಮ ತಾಲ್ಲೂಕಿನಲ್ಲೇ ಇರುವ ಗೋಲಾರಿ ಮತ್ತು ನಾಗರಮಡಿಗಳ ಬಗ್ಗೆಯೂ ಅಭಿಪ್ರಾಯ ಬೇಕು.

ಹುಲೇಕಲ್ ರಸ್ತೆಯವ, ಶಿರಸಿ

ಮಾನ್ಯರೆ, ತಾವು ದೂರವನ್ನು ಕೇಳದೆ ಮಂಡಿಯ ವಿಷಯವನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಗುವಾಗ ಕಾಲು ಹೊಸದಾಗಿರುವಾಗಲೇ ಹತ್ತುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ಘಟ್ಟದ ಜಲಪಾತದಲ್ಲಿ ಇದು ತಿರುವುಮುರುವು. ವಾಹನ ನಿಲ್ಲುವುದು ಮೇಲೆ, ನೀರು ಬೀಳುವುದು ಕೆಳಗೆ; ಹುರುಪಿನಲ್ಲಿ ಇಳಿದುಬಿಟ್ಟವರಿಗೆ ಹತ್ತುವ ಪಾಳಿ ಬರುವುದು ಹಸಿವು ಮತ್ತು ಆಯಾಸಗಳು ಸೇರಿಕೊಂಡ ಮೇಲೆ. ಆದ್ದರಿಂದ ‘ಎಷ್ಟು ನಡೆಯಬೇಕು’ ಎಂದು ಕೇಳುವ ಬದಲು ‘ಎಲ್ಲಿ ನಿಂತು ನೋಡಬೇಕು’ ಎಂದು ಕೇಳಿದರೆ ತಮಗೆ ಬೇಕಾದ ಉತ್ತರ ತಾನಾಗಿಯೇ ಸಿಗುತ್ತದೆ.

ಎದುರಿನ ಗುಡ್ಡದ ಅಂಚಿನಲ್ಲಿ ನಿಂತು ನೋಡುವ ಜಲಪಾತಕ್ಕೆ ಮಾಗೋಡಿಗಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿಲ್ಲ. ಯಲ್ಲಾಪುರದಿಂದ ಹದಿನೇಳು ಹದಿನೆಂಟು ಕಿಲೋಮೀಟರು. ಬೇಡ್ತಿ ನದಿ ಸುಮಾರು 200 ಮೀಟರು ಆಳಕ್ಕೆ ಎರಡು ಹಂತಗಳಲ್ಲಿ ಬೀಳುತ್ತದೆ, ಅದನ್ನು ತಮ್ಮ ತಾಯಿಯವರು ಹೆಚ್ಚು ನಡೆಯದೆ, ಕಣಿವೆಯ ಈಚೆ ಬದಿಯಿಂದ ನೋಡಬಹುದು. ಇದೇ ನದಿಯನ್ನು ಘಟ್ಟದ ಕೆಳಗಿನ ತಾವು ಗಂಗಾವಳಿ ಎನ್ನುತ್ತೀರಿ. ಒಂದು ಸಂಗತಿಯನ್ನು ಮಾತ್ರ ನೆನಪಿಡಬೇಕು: ಬೇಡ್ತಿಗೆ ನೀರು ಬರುವುದು ಹುಬ್ಬಳ್ಳಿ, ಧಾರವಾಡ, ಕಲಘಟಗಿಯ ಕಡೆಯಿಂದ. ಯಲ್ಲಾಪುರದಲ್ಲಿ ಬಿಸಿಲಿದ್ದರೂ ಬಯಲುಸೀಮೆಯಲ್ಲಿ ಹಿಂದಿನ ದಿನ ಜೋರು ಮಳೆಯಾಗಿದ್ದರೆ ಮಾಗೋಡಿನ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ನೋಡುವುದಕ್ಕೆ ಅದೂ ಚೆಂದವೇ, ಇಳಿಯುವುದಕ್ಕೆ ಅಲ್ಲ. ಅಲ್ಲಿ ಇಳಿಯುವ ಮಾತೇ ಬೇಡ. ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಸಂಜೆ ಹೋದರೆ ಕಣಿವೆಯ ಮೇಲೆ ಸೂರ್ಯ ಮುಳುಗುವುದನ್ನು ನೋಡಿ, ಕತ್ತಲಾಗುತ್ತಿದ್ದಂತೆ ಶಿರಸಿಯ ದಾರಿ ಹಿಡಿಯಬಹುದು. ಯಲ್ಲಾಪುರದಿಂದ ಶಿರಸಿಗೆ ಐವತ್ತು ಕಿಲೋಮೀಟರಿನ ಆಸುಪಾಸು.

ಎರಡನೆಯ ದಿನಕ್ಕೆ ಉಂಚಳ್ಳಿ. ಹೆಗ್ಗರಣೆಯ ಹತ್ತಿರ ಅಘನಾಶಿನಿ ನದಿ 116 ಮೀಟರು ಎತ್ತರದಿಂದ ಧುಮುಕುತ್ತದೆ. ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರಿನಿಂದ ಇದಕ್ಕೆ ಲಷಿಂಗ್ಟನ್ ಜಲಪಾತವೆಂದೂ ಹೆಸರಿದೆ, ಆದರೆ ಊರಿನವರ ಬಾಯಲ್ಲಿರುವುದು ಕೆಪ್ಪ ಜೋಗ. ಭರ್ತಿ ಮಳೆಗಾಲದಲ್ಲಿ ಅದರ ಸಮೀಪ ನಿಂತು ಪಕ್ಕದವರ ಜೊತೆ ಮಾತಾಡಲು ಹೋದವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಗಕ್ಕೆ ಎಷ್ಟು ನೀರು ಬರಬೇಕೆಂಬುದನ್ನು ಬಹುಮಟ್ಟಿಗೆ ಲಿಂಗನಮಕ್ಕಿ ಅಣೆಕಟ್ಟು ನಿರ್ಧರಿಸುತ್ತದೆ. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ ಹೊಳೆ ಶಿರಸಿ, ಸಿದ್ದಾಪುರಗಳ ಮಳೆಯನ್ನಷ್ಟೇ ನಂಬಿಕೊಂಡು ಹರಿಯುತ್ತದೆ. ಹಾಗಾಗಿ ಅಕ್ಟೋಬರಿನಲ್ಲಿ ನೀರಿಗೆ ಕೊರತೆಯಿಲ್ಲ, ಜುಲೈ ತಿಂಗಳಿನಂತೆ ಮಂಜು ಮತ್ತು ತುಂತುರು ಸೇರಿ ಜಲಪಾತವನ್ನೇ ಮುಚ್ಚಿಹಾಕುವ ಕಾಟವೂ ಕಡಿಮೆ.

ಉಂಚಳ್ಳಿಯಲ್ಲಿ ಮೊದಲು ಕಾಡಿನ ನಡುವೆ ಸರಾಗವಾದ ದಾರಿಯಿದೆ, ಆಮೇಲೆ ಮೆಟ್ಟಿಲುಗಳು. ಮೇಲಿನ ವೀಕ್ಷಣಾ ಸ್ಥಳದಿಂದಲೇ ಜಲಪಾತ ಕಾಣುತ್ತದೆ. ತಾಯಿಯವರು ಅಲ್ಲಿಯೇ ಕುಳಿತುಕೊಳ್ಳಲಿ, ತಾವು ಮಗಳೊಂದಿಗೆ ಇನ್ನೂ ಕೆಳಗೆ ಹೋಗಿಬರಬಹುದು. ನೆರಳಿನ ಮೆಟ್ಟಿಲುಗಳ ಮೇಲೆ ಹಾವಸೆ ಕಟ್ಟಿರುತ್ತದೆ. ಹಸಿರಾಗಿ ಕಾಣುವ ಹಾವಸೆಗಿಂತ ಕಪ್ಪಾಗಿ, ಕಲ್ಲಿನ ಬಣ್ಣದಲ್ಲೇ ಬೆರೆತಿರುವುದು ಹೆಚ್ಚು ಜಾರುತ್ತದೆ. ಮೆಟ್ಟಿಲಿನ ನಡುವೆ ಕಾಲಿಡದೆ, ಗೋಡೆಯ ಬದಿಯಲ್ಲಿ ಪಾದವನ್ನು ಅಡ್ಡವಾಗಿ ಇಟ್ಟು ಇಳಿದರೆ ಕ್ಷೇಮ. ಅಂಗಡಿಯಲ್ಲಿ ಸಿಗುವ ದುಬಾರಿ ಬೂಟುಗಳಿಗಿಂತ ತೋಟದ ಕೆಲಸದವರು ಹಾಕಿಕೊಳ್ಳುವ, ಅಡಿಯಲ್ಲಿ ಹಲ್ಲಿರುವ ರಬ್ಬರ್ ಚಪ್ಪಲಿಯೇ ನನಗೆ ಹೆಚ್ಚು ನಂಬಿಕೆಯದು. ಇದು ನನ್ನ ಹಟವೆಂದು ಮನೆಯವರು ಹೇಳುತ್ತಾರೆ.

ಜಡ್ಡಿಗದ್ದೆ ಕಡೆಯ ಶಿವಗಂಗಾ, ಕಸಗೆಯ ಬೆಣ್ಣೆಹೊಳೆ ಇವೆರಡನ್ನೂ ಈ ಸಲ ಬಿಡಿ. ಎರಡೂ ಸುಂದರವೇ, ಆದರೆ ಬೆಣ್ಣೆಹೊಳೆಯ ಕೊನೆಯ ಇಳಿಜಾರಿನಲ್ಲಿ ಬೇರುಗಳನ್ನು ಹಿಡಿದುಕೊಂಡು ಇಳಿಯಬೇಕಾಗುತ್ತದೆ, ಅದು ಮಂಡಿನೋವಿನವರಿಗೆ ಹೇಳಿದ ದಾರಿಯಲ್ಲ.

ಇನ್ನೊಂದು ಮಾತನ್ನು ಊರಿನವನಾಗಿ ಹೇಳಬೇಕು. ನಮ್ಮ ಕಡೆ ಜಲಪಾತದ ಎಷ್ಟೋ ಕಾಲುದಾರಿಗಳು ಯಾರದೋ ಸೊಪ್ಪಿನ ಬೆಟ್ಟದ ಮೇಲೆ, ಯಾರದೋ ಅಡಿಕೆ ತೋಟದ ಅಂಚಿನಲ್ಲಿ ಹಾದುಹೋಗುತ್ತವೆ. ದಾರಿಯಲ್ಲಿ ದಣಪೆ, ಅಂದರೆ ಬೇಲಿಯ ಗಳಗಳ ಬಾಗಿಲು, ಸಿಕ್ಕಿದರೆ ಗಳಗಳನ್ನು ಸರಿಸಿ ಒಳಗೆ ಹೋದ ಮೇಲೆ ಮತ್ತೆ ಹಾಗೆಯೇ ಹಾಕಬೇಕು. ಹಾಕದೆ ಹೋದರೆ ಸಂಜೆಯ ಹೊತ್ತಿಗೆ ದನಗಳು ತೋಟಕ್ಕೆ ನುಗ್ಗಿರುತ್ತವೆ. ಮರುದಿನ ಬರುವ ಪ್ರವಾಸಿಗರಿಗೆ ಆ ಮನೆಯವರು ದಾರಿ ತೋರಿಸುವುದಿಲ್ಲ.

ಅಚವೆ ಸೀಮೆಯವ, ಅಂಕೋಲಾ

ಶಿರಸಿಯವರು ಬರೆದದ್ದಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಮಗಳ ಹಟಕ್ಕೆ ಅವರು ಉತ್ತರ ಕೊಟ್ಟಿಲ್ಲ. ಎರಡು ದಿನ ನೀರನ್ನು ಬರೀ ದೂರದಿಂದ ತೋರಿಸಿ ಹತ್ತು ವರ್ಷದ ಹುಡುಗಿಯನ್ನು ಮನೆಗೆ ಕರೆತರುವುದು ಸಾಧ್ಯವೆಂದು ನನಗನ್ನಿಸುವುದಿಲ್ಲ.

ನಮ್ಮ ಮಾಬಗಿಯ ಬಳಿ ವಿಭೂತಿ ಜಲಪಾತವಿದೆ. ಯಾಣದ ಹಾಗೆಯೇ ಇಲ್ಲಿಯೂ ಸುಣ್ಣದಕಲ್ಲಿನ ನೆಲ, ಕಲ್ಲಿನ ಬೂದಿಬಣ್ಣದಿಂದಲೇ ಈ ಹೆಸರು ಬಂದಿದೆಯೆಂದು ಹೇಳುತ್ತಾರೆ. ಎತ್ತರ ಹೆಚ್ಚಿಲ್ಲ, ಮೂವತ್ತು ಅಡಿಯ ಸುಮಾರು. ಬುಡದಲ್ಲಿ ನೀರು ನಿಲ್ಲುವ ಗುಂಡಿಯಿದೆ. ನಡಿಗೆ ಹಳ್ಳದ ಪಕ್ಕದಲ್ಲಿ, ಮರಗಳ ನೆರಳಿನಲ್ಲಿ. ಕಾರವಾರದಿಂದ ಅಂಕೋಲಾ, ಹಿಲ್ಲೂರು, ಅಚವೆಯ ಮೂಲಕ ಬರಬಹುದು. ಇದನ್ನು ಶಿರಸಿಯ ಪ್ರವಾಸಕ್ಕೆ ಗಂಟುಹಾಕುವ ಬದಲು ಬೇರೊಂದು ಭಾನುವಾರ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಮುಗಿಸಿಕೊಂಡರೆ ಉತ್ತಮ.

ಮಧ್ಯಾಹ್ನದೊಳಗೆ ಎನ್ನುವುದಕ್ಕೆ ಕಾರಣವಿದೆ. ತಾವು ಬರುವ ಹೊತ್ತು ಚಿತ್ತೆ ಮಳೆಯದು. ಹಿರಿಯರು ಅದನ್ನು ಕುರುಡು ಚಿತ್ತೆ ಎನ್ನುವುದು ಸುಮ್ಮನೆ ಅಲ್ಲ; ಒಂದು ಊರಿನಲ್ಲಿ ಕೊಡದಲ್ಲಿ ಹೊಯ್ದಂತೆ ಸುರಿದು ಪಕ್ಕದ ಊರನ್ನು ಒಣಗಲು ಬಿಟ್ಟು ಹೋಗುತ್ತದೆ. ಬೆಳಗಿನ ಹೊತ್ತು ನಿರ್ಮಲವಾಗಿರುವ ಆಕಾಶ ಮೂರು ಗಂಟೆಯ ಮೇಲೆ ಘಟ್ಟದ ತಲೆಯಲ್ಲಿ ಗುಡುಗತೊಡಗುತ್ತದೆ, ಮತ್ತು ಕೆಳಗೆ ಹಳ್ಳದಲ್ಲಿ ನಿಂತವರಿಗೆ ಆ ಗುಡುಗು ಕೇಳಿಸಲೇಬೇಕೆಂದಿಲ್ಲ.

ಕೆಲವು ವರ್ಷಗಳ ಹಿಂದೆ, ಹೆಸರು ಬೇಡ, ಇದೇ ಸೀಮೆಯ ಒಂದು ಸಣ್ಣ ಅಬ್ಬಿಗೆ (ಜಲಪಾತಕ್ಕೆ) ನಾವು ಆರು ಮಂದಿ ಹೋಗಿದ್ದೆವು. ಮೊಣಕಾಲಿನ ಕೆಳಗಿದ್ದ ನೀರನ್ನು ನಗುತ್ತ ದಾಟಿ ಆಚೆಗಿನ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ತಲೆಯ ಮೇಲೆ ಬಿಸಿಲು. ಊಟದ ನಡುವೆ ನನ್ನ ಕಣ್ಣಿಗೆ ಬಿದ್ದದ್ದು ನೀರಿನ ಏರಿಕೆಯಲ್ಲ; ಅಲ್ಲಿಯವರೆಗೆ ತಿಳಿಯಾಗಿದ್ದ ಹಳ್ಳದಲ್ಲಿ ಒಣಗಿದ ಎಲೆಗಳು, ಕಡ್ಡಿಗಳು, ಒಂದು ಅಡಿಕೆ ಹಾಳೆಯ ತುಂಡು ಒಟ್ಟಾಗಿ ತೇಲಿಬಂದವು. ಅದರ ಹಿಂದೆಯೇ ನೀರು ಕೆಂಪಾಯಿತು. ಇದೇನೆಂದು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ, ನಾವು ಕಾಲಿಟ್ಟು ದಾಟಿದ್ದ ಮೂರು ಕಲ್ಲುಗಳೂ ಮುಳುಗಿದ್ದವು. ಇಬ್ಬರು ದಾಟಿಯೇ ಬಿಡೋಣವೆಂದರು. ಅವರನ್ನು ಬೈದು ಕೂರಿಸಿದ್ದು ಆ ದಿನ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ. ಮಳೆ ನಮ್ಮ ಮೇಲೆ ಒಂದು ಹನಿಯೂ ಬೀಳಲಿಲ್ಲ. ಕೂಗು ಕೇಳಿ ಬಂದ ಹತ್ತಿರದ ಮನೆಯವರು ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನೊಬ್ಬನನ್ನು ಕರೆತಂದರು. ಅಡಿಕೆ ಕೊನೆ ಇಳಿಸುವ ಹಗ್ಗವನ್ನು ಈಚೆ ದಡದ ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕಲ್ಲು ಸುತ್ತಿ ನಮ್ಮ ಕಡೆ ಎಸೆದು, ‘ಈಗ ದಾಟಬೇಡಿ, ಹಗ್ಗ ಕಟ್ಟಿಕೊಂಡು ಕೂತಿರಿ, ನೀರು ತಾನಾಗಿ ಇಳಿತದೆ’ ಎಂದರು. ಇಳಿಯುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು.

ಆದ್ದರಿಂದ ಗೋಲಾರಿ ಮತ್ತು ನಾಗರಮಡಿಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ತೋಡೂರಿನ ಗೋಲಾರಿ ಮಳೆಗಾಲದ ಜಲಪಾತ, ಮಳೆ ಕಡಿಮೆಯಾದಂತೆ ಅದೂ ಸೊರಗುತ್ತದೆ; ಹೋಗುವಾಗ ಹಳ್ಳದ ಬಂಡೆಗಳ ಮೇಲೆಯೇ ನಡೆಯಬೇಕು. ಚೆಂಡಿಯಾದ ನಾಗರಮಡಿಯಲ್ಲಿ ನೀರು ದೊಡ್ಡ ಬಂಡೆಯ ಅಡಿಯಿಂದ ನುಗ್ಗಿ ಬೀಳುವ ನೋಟ ಬೇರೆಲ್ಲೂ ಸಿಗದು, ಆದರೆ ದಿಢೀರನೆ ಏರಿದ ನೀರು ಪ್ರವಾಸಿಗರನ್ನು ಕೊಚ್ಚಿಕೊಂಡು ಹೋದ ಜಾಗವೂ ಅದೇ. ವೃದ್ಧರು, ಮಕ್ಕಳು ಜೊತೆಗಿರುವಾಗ, ಹಳ್ಳ ದಾಟದೆ ನೋಡಲಾಗದ ಯಾವ ಜಲಪಾತಕ್ಕೂ ನಾನು ಹೋಗುವುದಿಲ್ಲ. ಮಳೆಗಾಲದಲ್ಲಿ ಜಿಲ್ಲಾಡಳಿತ ಪ್ರವೇಶ ನಿಷೇಧಿಸಿದಾಗ ಬೇಲಿಯ ಸಂದಿಯಲ್ಲಿ ನುಸುಳುವವರನ್ನು ನೋಡಿದರೆ ನನಗೆ ಆ ಕೆಂಪು ನೀರೇ ನೆನಪಾಗುತ್ತದೆ.

ಆಶಾ ಕಾರ್ಯಕರ್ತೆ, ಸಿದ್ದಾಪುರ

ಎರಡು ಹುಳುಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ಉಂಬಳ (ಕಾಡಿನ ಜಿಗಣೆ) ಇದ್ದೇ ಇರುತ್ತದೆ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೆ ರಕ್ತ ಸೋರುವುದು ಗೊತ್ತಾಗುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಸ್ವಲ್ಪ ಹೊತ್ತು ಸೋರಿಯೇ ಸೋರುತ್ತದೆ, ಗಾಬರಿ ಬೇಡ. ಎಳೆದು ಕೀಳಬೇಡಿ. ಒಂದು ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪು ಕಟ್ಟಿ, ಒದ್ದೆ ಮಾಡಿಕೊಂಡು ಕೈಯಲ್ಲಿ ಹಿಡಿದಿದ್ದರೆ ಸಾಕು. ಮುಟ್ಟಿಸಿದ ಕೂಡಲೇ ಮುದುಡಿ ಬೀಳುತ್ತದೆ. ಕವಳ ಹಾಕುವವರು ಜೊತೆಗಿದ್ದರೆ ಅವರ ಸಂಚಿಯ ಸುಣ್ಣವೂ ಆದೀತು. ದಾರಿಯಲ್ಲಿ ನಿಲ್ಲುವುದಿದ್ದರೆ ದರಕಿನ (ಉದುರಿದ ಒಣ ಎಲೆಗಳ) ಮೇಲೆ ನಿಲ್ಲದೆ ಬರಿಯ ಕಲ್ಲಿನ ಮೇಲೆ ನಿಲ್ಲಿ.

ಉಣುಗಿನ (ಉಣ್ಣೆಯ) ವಿಷಯ ಹಾಗಲ್ಲ. ಅದರ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು, ನಮ್ಮ ತಾಲ್ಲೂಕಿನಲ್ಲಿಯೂ ಜನರನ್ನು ಬಲಿ ತೆಗೆದುಕೊಂಡಿದೆ. ಇದರ ಕಾಲ ಹೆಚ್ಚಾಗಿ ನವೆಂಬರಿನಿಂದ ಮೇ ತನಕ, ಅಂದರೆ ಉಂಬಳ ಮಾಯವಾದ ಮೇಲೆ. ಮಳೆ ನಿಂತು ದಾರಿ ಒಣಗಿದ ಮೇಲೆ ಕಾಡು ನಿರಪಾಯವೆಂದು ಹೊರಗಿನವರು ತಿಳಿದುಕೊಂಡಿರುತ್ತಾರೆ, ಅದು ತಪ್ಪು. ಆ ತಿಂಗಳುಗಳಲ್ಲಿ ಬರುವವರು ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಳ್ಳಬೇಕು. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ, ಉಣುಗು ಹತ್ತದಂತೆ ತಡೆಯುವ ಡೇಪಾ ತೈಲವನ್ನು ಕೈಕಾಲುಗಳಿಗೆ ಸವರಿಕೊಳ್ಳಬೇಕು, ಮನೆಗೆ ಹೋದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಲು ಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಹೋಗಿಬಂದ ಒಂದೆರಡು ವಾರಗಳೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ದೇಹಳ್ಳಿ ದಾರಿಯವ, ಯಲ್ಲಾಪುರ

ಸಾತೊಡ್ಡಿಯ ಹೆಸರನ್ನೇ ಯಾರೂ ಎತ್ತದಿರುವುದು ಆಶ್ಚರ್ಯ. ಮಾಗೋಡಿಗೆ ಬಂದವರು ಯಲ್ಲಾಪುರದಿಂದ ಇನ್ನೊಂದು ದಿಕ್ಕಿನಲ್ಲಿ ಮೂವತ್ತೆರಡು ಕಿಲೋಮೀಟರು ಬಂದರೆ ಸಾಕು. ಎತ್ತರ ಬರೀ 15 ಮೀಟರು, ಆದರೆ ಅಗಲವಾದ ಪರದೆಯಂತೆ ಬೀಳುತ್ತದೆ. ವಾಹನ ನಿಲ್ಲಿಸಿದ ಮೇಲೆ ಒಂದು ಕಿಲೋಮೀಟರಿನ ಆಸುಪಾಸು ಕಾಡಿನ ದಾರಿ, ಹೆಚ್ಚು ಏರಿಳಿತವಿಲ್ಲ. ಜಲಪಾತವನ್ನು ಬುಡದಿಂದಲೇ ನೋಡಬಹುದಾದ್ದರಿಂದ ತಾಯಿಗೂ ಮಗಳಿಗೂ ಒಪ್ಪುವ ಸ್ಥಳ ಇದೇ ಎಂದು ನನ್ನ ಅಭಿಪ್ರಾಯ.

ಹುಲೇಕಲ್ ರಸ್ತೆಯವ, ಶಿರಸಿ

ಯಲ್ಲಾಪುರದವರ ಮಾತು ಸರಿ, ನಾನು ಸಾತೊಡ್ಡಿಯನ್ನು ಬಿಟ್ಟದ್ದು ರಸ್ತೆಯ ಕಾರಣಕ್ಕೆ. ಬೆಳಿಗ್ಗೆ ಕಾರವಾರ ಬಿಟ್ಟವರು ಅರಬೈಲ್ ಘಟ್ಟ ಹತ್ತಿ, ಸಾತೊಡ್ಡಿಯನ್ನೂ ಮಾಗೋಡನ್ನೂ ನೋಡಿ ರಾತ್ರಿ ಶಿರಸಿ ಸೇರುವುದೆಂದರೆ, ಆ ತಾಯಿಗೆ ನಡಿಗೆಯಿಂದಲ್ಲ, ಕಾರಿನಲ್ಲಿ ಕುಳಿತೇ ಮಂಡಿ ಹಿಡಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಾದರೆ ಸಾತೊಡ್ಡಿಯೇ ಆಗಲಿ. ನೀರು ಮುಂದೆ ಹೋಗಿ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರನ್ನು ಸೇರುತ್ತದೆ, ಆ ಕಡೆ ಆಳ ತಿಳಿಯುವುದಿಲ್ಲ. ಮಗಳು ದಡದ ಹತ್ತಿರ, ಪಾದ ಮುಳುಗುವಷ್ಟರಲ್ಲೇ ಇರಲಿ.

ಕೋಡಿಬಾಗದ ಓದುಗ, ಕಾರವಾರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹೋಗಿಬಂದು ನಾಲ್ಕು ದಿನಗಳಾದವು. ಕೊನೆಗೆ ನಾವು ಮಾಗೋಡನ್ನು ಕೈಬಿಟ್ಟು ಮೊದಲ ದಿನ ಸಾತೊಡ್ಡಿ, ಎರಡನೆಯ ದಿನ ಉಂಚಳ್ಳಿ ಎಂದು ಇಟ್ಟುಕೊಂಡೆವು.

ಸಾತೊಡ್ಡಿಗೆ ಹನ್ನೊಂದರ ಹೊತ್ತಿಗೆ ತಲುಪಿದೆವು. ತಾಯಿ ಕೋಲು ಹಿಡಿದು ಒಮ್ಮೆಯೂ ಕೂರದೆ ಬಂದರು. ಆ ಕೋಲಿನ ತುದಿಯಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡು ದಾರಿಯುದ್ದಕ್ಕೂ ಸೊಸೆಯ ಪಾದಗಳನ್ನೇ ನೋಡುತ್ತಿದ್ದರು. ಉಂಬಳ ಹತ್ತಿದ್ದು ಮಾತ್ರ ಅವರಿಗೇ. ಮಗಳು ಪಾದ ಮುಳುಗುವಷ್ಟು ನೀರಿನಲ್ಲಿ ಕುಳಿತು, ಕುಳಿತಲ್ಲೇ ಪೂರ್ತಿ ಒದ್ದೆಯಾದಳು. ಇದಕ್ಕೆ ನಿಮ್ಮಲ್ಲಿ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ನೀರಿನಲ್ಲಿ ಎಲೆ ತೇಲಿಬರುತ್ತಿದೆಯೇ ಎಂದು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬರುತ್ತಲೇ ಇದ್ದವು, ಒಂದೊಂದಾಗಿ, ಮರದಿಂದ ಉದುರಿದವು. ಒಂದೊಂದಾಗಿ ಬರುವುದಕ್ಕೂ ಒಟ್ಟಾಗಿ ಬರುವುದಕ್ಕೂ ಇರುವ ವ್ಯತ್ಯಾಸವನ್ನು ಅಂಕೋಲಾದವರು ಬರೆದಿರದಿದ್ದರೆ ಅರ್ಧ ಗಂಟೆಗೇ ಎಲ್ಲರನ್ನೂ ಎಬ್ಬಿಸುತ್ತಿದ್ದೆ. ಎರಡೂವರೆಗೆ ಅಲ್ಲಿಂದ ಹೊರಟೆವು. ಯಲ್ಲಾಪುರ ಸೇರುವ ಮೊದಲೇ ಹಿಂದಿನ ಗುಡ್ಡಗಳ ಮೇಲೆ ಗುಡುಗಿತು.

ಉಂಚಳ್ಳಿಯಲ್ಲಿ ಮಂಜು ಕಡಿಮೆಯೆಂದು ಶಿರಸಿಯವರು ಹೇಳಿದ್ದರೂ ನಾವು ಹೋದಾಗ ಕಣಿವೆಯ ತುಂಬ ಹಾಲು ಚೆಲ್ಲಿದಂತೆ ಮಂಜು ಇತ್ತು, ಸದ್ದು ಮಾತ್ರ ಕೇಳುತ್ತಿತ್ತು. ‘ಸದ್ದು ಇಲ್ಲೀತನಕ ಬರ್ತದೆ, ಮತ್ತೆ ಕೆಳಗೆ ಇಳಿಯೋದು ಯಾಕೆ’ ಎಂದು ತಾಯಿ ಮೇಲೆಯೇ ಕುಳಿತರು. ನಾನೂ ಮಗಳೂ ಗೋಡೆಯ ಬದಿ ಹಿಡಿದು ಇಳಿದೆವು. ಅವಳು ಇಳಿಯುವಾಗ ಎಣಿಸಿದ ಮೆಟ್ಟಿಲುಗಳಿಗೂ ಹತ್ತುವಾಗ ಎಣಿಸಿದ್ದಕ್ಕೂ ತಾಳೆಯಾಗಲಿಲ್ಲ, ಹತ್ತುವಾಗಿನ ಲೆಕ್ಕವೇ ದೊಡ್ಡದಿತ್ತು. ಕೆಳಗೆ ಇಪ್ಪತ್ತು ನಿಮಿಷ ಕಾದರೂ ಮಂಜು ಸರಿಯಲಿಲ್ಲ. ಏದುಸಿರು ಬಿಡುತ್ತ ಮೇಲೆ ಬಂದು ನೋಡಿದರೆ ತಾಯಿ ಕಣಿವೆಯ ಕಡೆ ಕೈ ತೋರಿಸುತ್ತಿದ್ದರು. ನಾವು ಮೆಟ್ಟಿಲು ಹತ್ತುತ್ತಿದ್ದಾಗ, ನಮ್ಮ ಬೆನ್ನ ಹಿಂದೆ ಮಂಜು ಒಮ್ಮೆ ಪೂರ್ತಿ ತೆರೆದುಕೊಂಡು ಮತ್ತೆ ಮುಚ್ಚಿಕೊಂಡಿತ್ತು. ಅದನ್ನು ತುದಿಯಿಂದ ಬುಡದವರೆಗೆ ನೋಡಿದವರು ನಮ್ಮಲ್ಲಿ ಅವರೊಬ್ಬರೇ.

ವಿಭೂತಿಗೆ ಮುಂದಿನ ತಿಂಗಳ ಮೊದಲ ಭಾನುವಾರ ಹೋಗುವವರಿದ್ದೇವೆ. ಸಿದ್ದಾಪುರದ ಸಹೋದರಿಯವರು ಹೇಳಿದ ಡೇಪಾ ತೈಲ ಕಾರವಾರದಲ್ಲಿ ಎಲ್ಲಿ ಸಿಗುತ್ತದೆಂದು ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆಯಿರಿ.